ಹಬ್ಬದ ಮರುದಿನಕ್ಕೂ ಒಂದು ಏರ್ಪಾಡು: ವರ್ಷವಿಡೀ ಒಂಟಿತನವನ್ನು ಹಗುರಗೊಳಿಸುವ ಬಗೆ

ದೀಪಾವಳಿ ಮುಗಿಸಿ ನಾವೆಲ್ಲ ಬೆಂಗಳೂರಿನ ಬಸ್ಸು ಹತ್ತಿದ ಮರುದಿನ ಅಮ್ಮ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಹೊತ್ತೇ ಹೋಗುವುದಿಲ್ಲ."

ನಮ್ಮ ಕಡೆ ಯಾರೂ "ನನಗೆ ಒಂಟಿತನ ಕಾಡುತ್ತಿದೆ" ಎನ್ನುವುದಿಲ್ಲ. ಮನೆ ಬಿಕೋ ಎನ್ನುತ್ತದೆ ಎನ್ನುತ್ತಾರೆ. ಮಾತಿಗೊಂದು ಜನ ಇಲ್ಲ, ಒಬ್ಬಳಿಗೋಸ್ಕರ ಏನು ಅಡಿಗೆ ಮಾಡುವುದು, ಊಟ ಸೇರುವುದಿಲ್ಲ ಎನ್ನುತ್ತಾರೆ. ಕೇಳಿಸಿಕೊಂಡ ನಾವು "ಟಿವಿ ನೋಡು", "ಸ್ವಲ್ಪ ವಾಕಿಂಗ್ ಹೋಗು" ಎಂದು ಮಾತು ಮುಗಿಸುತ್ತೇವೆ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಶಿರಸಿ ತಾಲ್ಲೂಕಿನ ತೋಟದ ಮನೆಯಲ್ಲಿ ಅಮ್ಮ, ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನಾನು. ಈ ನಾಲ್ಕು ವರ್ಷದಲ್ಲಿ ನನಗೆ ಮನದಟ್ಟಾದದ್ದು ಇಷ್ಟು: ಒಂಟಿತನ ಹನ್ನೆರಡು ತಿಂಗಳೂ ಒಂದೇ ತೂಕದಲ್ಲಿರುವುದಿಲ್ಲ. ಅದಕ್ಕೆ ಅದರದ್ದೇ ವಾರಗಳಿವೆ. ಆ ವಾರಗಳು ಯಾವುವು ಎಂದು ಗೊತ್ತಾದರೆ, ಮಳೆಗಾಲಕ್ಕೆ ಮುನ್ನ ಕಟ್ಟಿಗೆ ಕೂಡಿಡುವ ಹಾಗೆ, ಮೊದಲೇ ಏರ್ಪಾಡು ಮಾಡಿಕೊಳ್ಳಬಹುದು. ಮಳೆ ಹಿಡಿದ ಮೇಲೆ ಕಾಡಿಗೆ ಹೋದರೆ ಸಿಗುವುದು ಹಸಿ ಕಟ್ಟಿಗೆ ಮಾತ್ರ.

ಇದು ವಯಸ್ಸಾದವರ ಸಂಕಟ ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ಹದಿಹರೆಯದವರೂ ಯುವಕರೂ ಅದರಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಆ ಆಯೋಗದ ಸಹಾಧ್ಯಕ್ಷರಾಗಿದ್ದ ಡಾ. ವಿವೇಕ್ ಮೂರ್ತಿ ಅವರ ಕುಟುಂಬದ ಮೂಲ ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಅಲ್ಲಿನ ಸರ್ಕಾರದ ಪರವಾಗಿ ಮಾತನಾಡುವ ಮುಖ್ಯ ವೈದ್ಯ, ಆಗಿದ್ದಾಗ, 2023ರಲ್ಲಿ, ಅವರು ಹೊರಡಿಸಿದ ಎಚ್ಚರಿಕೆಯ ಪತ್ರ ಜನಸಂಪರ್ಕವಿಲ್ಲದ ಬದುಕು ಆಯುಸ್ಸಿಗೆ ಮಾಡುವ ಹಾನಿಯನ್ನು ದಿನಕ್ಕೆ 15 ಸಿಗರೇಟು ಸೇದುವುದರ ಹಾನಿಗೆ ಹೋಲಿಸಿತ್ತು. "ಬರೀ ಬೇಸರ" ಎಂದು ನಾವು ತಳ್ಳಿಹಾಕುವ ಸಂಗತಿ ಇದು.

ಮೊದಲ ಹೆಜ್ಜೆ: ಯಾವುದರ ಕೊರತೆ ಎಂದು ಗುರುತಿಸಿ

ಏಕಾಂತ ನಾವು ಬಯಸಿ ಪಡೆಯುವಂಥದ್ದು. ಒಂಟಿತನ ಹಾಗಲ್ಲ, ನಮಗೆ ಬೇಕಾದ ಒಡನಾಟಕ್ಕೂ ಸಿಗುತ್ತಿರುವ ಒಡನಾಟಕ್ಕೂ ನಡುವೆ ಬಿದ್ದ ಅಂತರ ಅದು. ಅದರಲ್ಲೂ ಎರಡು ಬಗೆ ಇದೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲೇ ವಿಂಗಡಿಸಿ ತೋರಿಸಿದರು. ಮನಸ್ಸು ಬಿಚ್ಚಿ ಮಾತನಾಡುವ ಒಂದು ಜೀವ ಇಲ್ಲದಿರುವುದು ಒಂದು. ಜೊತೆಗೆ ಓಡಾಡುವ, ನಗುವ, ಕೆಲಸ ಮಾಡುವ ಬಳಗ ಇಲ್ಲದಿರುವುದು ಇನ್ನೊಂದು. ಒಂದರಿಂದ ಇನ್ನೊಂದು ತುಂಬುವುದಿಲ್ಲ. ಗಂಡನನ್ನು ಕಳೆದುಕೊಂಡವಳ ಮನೆಗೆ ಐವತ್ತು ನೆಂಟರು ಬಂದರೂ ರಾತ್ರಿಯ ಆ ಒಂದು ಮಾತು ಸಿಗುವುದಿಲ್ಲ. ಪ್ರೀತಿಸುವ ಗಂಡನ ಜೊತೆ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿಗೆ ಬಂದ ಹುಬ್ಬಳ್ಳಿಯ ಹುಡುಗಿಗೆ ಆ ಒಂದು ಮಾತು ಸಿಗುತ್ತದೆ, ಆದರೆ ಅವಳ ಓಣಿ ಸಿಗುವುದಿಲ್ಲ.

ಹಾಗಾಗಿ ಒಂದು ಕಾಗದದ ಮೇಲೆ ಎರಡು ಪಟ್ಟಿ ಬರೆಯಿರಿ. ರಾತ್ರಿ ಹನ್ನೊಂದಕ್ಕೆ ಎದೆ ಭಾರವಾದರೆ ಯಾರಿಗೆ ಫೋನು ಮಾಡಬಲ್ಲೆ? ಭಾನುವಾರ ಬೆಳಿಗ್ಗೆ ಕಾರಣವಿಲ್ಲದೆ ಯಾರ ಮನೆಗೆ ಹೋಗಬಲ್ಲೆ? ಯಾವ ಪಟ್ಟಿ ಖಾಲಿಯೋ ಅಲ್ಲಿಂದ ಕೆಲಸ ಶುರು.

ಅಳತೆಯೂ ಇದೆ. ಸಂಶೋಧಕರು ಬಳಸುವ ಮೂರು ಪ್ರಶ್ನೆಗಳ ಸರಳ ಪಟ್ಟಿಯ ತಿರುಳು ಹೀಗಿದೆ: ಜೊತೆಗೆ ಯಾರೂ ಇಲ್ಲ ಎಂದು ಎಷ್ಟು ಸಲ ಅನಿಸುತ್ತದೆ? ನನ್ನನ್ನು ಬಿಟ್ಟುಬಿಟ್ಟಿದ್ದಾರೆ ಎಂದು ಎಷ್ಟು ಸಲ? ಎಲ್ಲರಿಂದ ದೂರವಾಗಿದ್ದೇನೆ ಎಂದು ಎಷ್ಟು ಸಲ? ಅಪರೂಪಕ್ಕೆ ಎಂದಾದರೆ 1, ಕೆಲವೊಮ್ಮೆ ಎಂದಾದರೆ 2, ಪದೇ ಪದೇ ಎಂದಾದರೆ 3. ಒಟ್ಟು ಮೊತ್ತ 3ರಿಂದ 9ರ ಒಳಗೆ ಬರುತ್ತದೆ. 6 ಮುಟ್ಟಿದರೆ ಗಮನ ಕೊಡಿ. ಒಮ್ಮೆ ಲೆಕ್ಕ ಹಾಕಿ ಸುಮ್ಮನಾಗಬೇಡಿ. ತಿಂಗಳಿಗೊಮ್ಮೆ ಹಾಕಿದರೆ ಮುಂದಿನ ಹೆಜ್ಜೆಗೆ ಬೇಕಾದ ಮಾಹಿತಿ ಅದರಲ್ಲೇ ಇರುತ್ತದೆ.

ಎರಡನೆಯ ಹೆಜ್ಜೆ: ಗೋಡೆಯ ಕ್ಯಾಲೆಂಡರಿಗೆ ಅದನ್ನು ತನ್ನಿ

ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಏಕಾದಶಿ ಎಲ್ಲವನ್ನೂ ಬರೆದಿಡುವ ಕ್ಯಾಲೆಂಡರ್ ಪ್ರತಿ ಮನೆಯಲ್ಲೂ ಇದೆ. ಅದೇ ಸಾಕು. ದಿನದ ಕೊನೆಗೆ ಆ ಚೌಕದಲ್ಲಿ ಒಂದು ಗುರುತು ಹಾಕಿ: ಮುಖ ನೋಡಿ ಯಾರ ಜೊತೆಗಾದರೂ ಹತ್ತು ನಿಮಿಷ ಮಾತನಾಡಿದ್ದರೆ ಒಂದು ಚುಕ್ಕೆ, ಇಲ್ಲದಿದ್ದರೆ ಖಾಲಿ. ನನ್ನ ಒತ್ತಾಯಕ್ಕೆ ಅಮ್ಮ ಇದನ್ನು ಒಂದು ವರ್ಷ ಮಾಡಿದಳು. ಹಾಳೆಗಳನ್ನು ಸಾಲಾಗಿ ಹರಡಿ ನೋಡಿದಾಗ ನಾನು ಅಂದುಕೊಂಡದ್ದೆಲ್ಲ ತಲೆಕೆಳಗಾಗಿತ್ತು. ಅಪ್ಪನ ತಿಥಿಯ ವಾರ, ಹಬ್ಬದ ದಿನಗಳು ಕಷ್ಟ ಎಂದು ನಾವು ರಜೆ ಹಾಕಿ ಓಡಿಹೋಗುತ್ತಿದ್ದೆವು. ಆ ದಿನಗಳಲ್ಲಿ ಚುಕ್ಕೆಗಳು ತುಂಬಿದ್ದವು. ಖಾಲಿ ಬಿದ್ದದ್ದು ಜುಲೈ. ಖಾಲಿ ಬಿದ್ದದ್ದು ಹಬ್ಬದ ಮರುದಿನ, ಅದರ ಮರುದಿನ, ಶಾಲೆ ಶುರುವಾಗಿ ಮೊಮ್ಮಕ್ಕಳು ಹೊರಟ ಜೂನ್ ಮೊದಲ ವಾರ.

ನಿಮ್ಮ ಖಾಲಿ ಚೌಕಗಳು ಬೇರೆಯೇ ಇರಬಹುದು. ಪಿಜಿಯಲ್ಲಿರುವ ಹುಡುಗನಿಗೆ ಅದು ಪ್ರತಿ ಭಾನುವಾರ ಮಧ್ಯಾಹ್ನ, ನಿವೃತ್ತರಾದ ಮೇಷ್ಟರಿಗೆ ಶಾಲೆಯ ಗಂಟೆ ಕೇಳುವ ಬೆಳಗಿನ ಹತ್ತು. ಸಿಕ್ಕಮೇಲೆ ಅದನ್ನು ಸುತ್ತು ಹಾಕಿ ಇಡಿ.

ಮೂರನೆಯ ಹೆಜ್ಜೆ: ಋತು ಬರುವ ಮೊದಲೇ ಏರ್ಪಾಡು

ಮಲೆನಾಡಿನ, ಕರಾವಳಿಯ ಮನೆಗಳಿಗೆ ಮಳೆಗಾಲವೇ ದೊಡ್ಡ ಪರೀಕ್ಷೆ. ಆರಿದ್ರಾ ಹಿಡಿದರೆ ಪುನರ್ವಸು, ಪುಷ್ಯ ಮುಗಿಯುವವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮೊದಲ ದಿನಗಳವರೆಗೆ, ಬಿಡುವಿಲ್ಲದೆ ಸುರಿಯುತ್ತದೆ. ನಮ್ಮಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ತೋಟಕ್ಕೊಂದು ಮನೆ, ನಡುವೆ ಹಳ್ಳ. ಕರೆಂಟು ಹೋದರೆ ಟವರ್ ಕೂಡ ಕೈಕೊಡುತ್ತದೆ, ಫೋನು ಸತ್ತುಹೋಗುತ್ತದೆ. ಮೇಲಾಗಿ ಆಷಾಢ: ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೆ ಮೂರು ಊಟದ ಕರೆ ಬರುತ್ತಿದ್ದ ಮನೆಗೆ ಒಂದೂ ಕಾಗದ ಬರುವುದಿಲ್ಲ. ನಮ್ಮ ಸಮಾಜದಲ್ಲಿ ಜನ ಜನರನ್ನು ನೋಡುವುದು ಬಹುಪಾಲು ಕರೆಗಳ ಮೇಲೆ. ಕರೆ ನಿಂತಾಗ ನೋಡುವುದೂ ನಿಲ್ಲುತ್ತದೆ.

ಹಿಂದಿನವರಿಗೆ ಇದು ಗೊತ್ತಿತ್ತು ಎಂದೇ ನನಗನಿಸುತ್ತದೆ. ಕರಾವಳಿಯಲ್ಲಿ ಮೇ ಕೊನೆಯ ಪತ್ತನಾಜೆಗೆ, ಅಂದರೆ ಮಳೆಗಾಲಕ್ಕೆ ಮುನ್ನ ಆಟ, ಜಾತ್ರೆ ಮುಗಿಸುವ ದಿನಕ್ಕೆ, ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸುತ್ತವೆ, ಆದರೆ ಕಲೆ ನಿಲ್ಲುವುದಿಲ್ಲ. ಗೆಜ್ಜೆ ಬಿಚ್ಚಿಟ್ಟು ಮನೆಯ ಜಗಲಿಯಲ್ಲೇ, ವೇಷ, ಕುಣಿತವಿಲ್ಲದೆ ಹಾಡು, ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಗೆ ಕೂರುತ್ತಾರೆ. ಕೆಲವೇ ಕಲಾವಿದರ ಚಿಕ್ಕಮೇಳಗಳು ಸಂಜೆ ಮನೆಮನೆಗೆ ಬರುತ್ತವೆ. ಘಟ್ಟದ ಮೇಲೆ ಕಾವ್ಯವನ್ನು ರಾಗವಾಗಿ ಓದುವ ಗಮಕ ವಾಚನ, ಬಯಲುಸೀಮೆಯ ಮಠಗಳಲ್ಲಿ ಶ್ರಾವಣದ ಪುರಾಣ, ಪ್ರವಚನ. ಮಳೆಗೆ ಕಟ್ಟಿಬಿದ್ದ ಜನರನ್ನು ಒಂದೆಡೆ ಕೂರಿಸುವ ಉಪಾಯಗಳು ಇವೆಲ್ಲ. ಹತ್ತಿರದಲ್ಲಿ ಇಂಥದ್ದು ನಡೆಯುತ್ತಿದ್ದರೆ ಜೂನ್ ಮೊದಲೇ ದಿನಾಂಕ ಕೇಳಿ ಬರೆದುಕೊಳ್ಳಿ, ಹೋಗಿಬರುವ ವಾಹನವನ್ನೂ ಆಗಲೇ ಗೊತ್ತುಮಾಡಿ. ಕತ್ತಲೆಯಲ್ಲಿ ಮಳೆಯಲ್ಲಿ ಕರೆತರುವವರಿಲ್ಲ ಎಂಬ ಒಂದೇ ಕಾರಣಕ್ಕೆ ಎಷ್ಟೋ ಹಿರಿಯರು ಮನೆಯಲ್ಲೇ ಉಳಿಯುತ್ತಾರೆ. ನಡೆಯುತ್ತಿಲ್ಲವಾದರೆ ನಿಮ್ಮ ಮನೆಯಲ್ಲೇ ವಾರಕ್ಕೊಂದು ಸಂಜೆ ಐದೇ ಜನ ಸೇರಿ ಓದಿ. ರಾಗ ಬರಬೇಕೆಂದಿಲ್ಲ. ಪಕ್ಕದ ಮೂರು ಮನೆಗಳ ನಡುವೆ ಒಂದು ಕಟ್ಟಳೆಯೂ ಇರಲಿ: ದಿನಕ್ಕೊಂದು ಹೊತ್ತು ಯಾರಾದರೂ ಒಬ್ಬರು ಕೊಡೆ ಹಿಡಿದು ಇನ್ನೊಬ್ಬರ ಅಂಗಳಕ್ಕೆ ಬಂದು ಹೋಗಬೇಕು. ನೆಟ್‌ವರ್ಕ್ ಇಲ್ಲದ ದಿನ ನಮ್ಮಂತೆ ದೂರ ಇರುವ ಮಕ್ಕಳಿಗೂ ಅದೇ ಧೈರ್ಯ.

ಶ್ರಾವಣದಿಂದ ದೀಪಾವಳಿಯವರೆಗೆ ಬಾಗಿಲು ತಟ್ಟಲು ಕಾರಣ ಹುಡುಕಬೇಕಿಲ್ಲ, ಹಬ್ಬಗಳೇ ಕೊಡುತ್ತವೆ. ಹಳೇ ಮೈಸೂರಿನಲ್ಲಿ ದಸರಾ ಗೊಂಬೆ ನೋಡಲು ಯಾರ ಮನೆಗೂ ಹೋಗಬಹುದು. ಉತ್ತರ ಕರ್ನಾಟಕದಲ್ಲಿ ವಿಜಯದಶಮಿಯ ಸಂಜೆ ಬನ್ನಿ ಹಿಡಿದು ಹೋದರೆ, ವರ್ಷವಿಡೀ ಮಾತು ಬಿಟ್ಟವರೂ "ಬಂಗಾರದ ಹಾಗೆ ಇರೋಣ" ಎಂದು ಕೈಗೆ ಕೈ ಸೇರಿಸುತ್ತಾರೆ. ಸಂಕ್ರಾಂತಿಯ ಎಳ್ಳುಬೆಲ್ಲ, ಯುಗಾದಿ ಮರುದಿನದ ಚಂದ್ರದರ್ಶನದ ನಮಸ್ಕಾರ, ರಂಜಾನ್ ತಿಂಗಳ ಇಫ್ತಾರ್, ಕ್ರಿಸ್‌ಮಸ್ಸಿನ ಕುಸ್ವಾರ್ ತಿಂಡಿಗಳ ತಟ್ಟೆ, ಎಲ್ಲವೂ ಇಂಥ ಪರವಾನಗಿಗಳೇ. ಸಂಕೋಚದ ಸ್ವಭಾವದವರು ಇವನ್ನು ಬಿಡಬಾರದು. ಹೊಸದಾಗಿ ಬಂದ ಬಡಾವಣೆಯಲ್ಲಿ ಪಕ್ಕದವರ ಗುರುತಿಲ್ಲವೆಂದರೆ ಎಳ್ಳಿನ ಪೊಟ್ಟಣ ಹಿಡಿದು ನಾಲ್ಕು ಬಾಗಿಲು ತಟ್ಟಿ. ಆ ದಿನ ಯಾರೂ "ಏನು ಬಂದಿರಿ" ಎಂದು ಕೇಳುವುದಿಲ್ಲ.

ಆದರೆ ಇದೇ ಹಬ್ಬಗಳು ಕೆಲವರನ್ನು ಹೊರಗಿಡುತ್ತವೆ, ಅದನ್ನು ನೇರವಾಗಿ ಹೇಳಲೇಬೇಕು. ಅರಿಶಿನ ಕುಂಕುಮಕ್ಕೆ ಕರೆಯುವ ಪಟ್ಟಿಯಿಂದ ಗಂಡ ಸತ್ತವಳ ಹೆಸರನ್ನು ಬಿಡುವ ರೂಢಿ ಇನ್ನೂ ಇದೆ. ಮೊದಲ ವರ್ಷ ಮಾಸಿಕಗಳ ನೆಪದಲ್ಲಿ ತಿಂಗಳಿಗೊಮ್ಮೆ ನೆಂಟರು ಬರುತ್ತಾರೆ. ವರ್ಷಾಂತಿಕ ಮುಗಿಯಿತೆಂದರೆ ದುಃಖವೂ ಮುಗಿಯಿತು ಎಂಬಂತೆ ಎಲ್ಲರೂ ಹಿಂತಿರುಗುತ್ತಾರೆ. ಅಮ್ಮನಿಗೆ ಎರಡನೆಯ ವರ್ಷ ಮೊದಲನೆಯದಕ್ಕಿಂತ ಕಷ್ಟವಾಗಿತ್ತು. ನಿಮ್ಮ ಬಳಗದಲ್ಲಿ ಯಾರನ್ನಾದರೂ ಕಳೆದುಕೊಂಡವರಿದ್ದರೆ ವರ್ಷಾಂತಿಕದ ನಂತರದ ಹನ್ನೆರಡು ತಿಂಗಳನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಗೌರಿ ಹಬ್ಬಕ್ಕೆ ಅವಳನ್ನೂ ಕರೆಯಿರಿ, ಪಂಕ್ತಿಯಲ್ಲಿ ನಡುವೆ ಕೂರಿಸಿ.

ಚಳಿಗಾಲದ ವಿಷಯ ಇಲ್ಲಿರುವವರಿಗಿಂತ ಹೊರದೇಶದಲ್ಲಿರುವ ಕನ್ನಡಿಗರಿಗೆ ಹೆಚ್ಚು ಮುಖ್ಯ. ಶಿಕಾಗೊದಲ್ಲಿ ಡಿಸೆಂಬರಿನ ಸೂರ್ಯ ಸಂಜೆ ನಾಲ್ಕೂವರೆಯೊಳಗೆ ಮುಳುಗುತ್ತಾನೆ. ಬೆಳಕಿನ ಕೊರತೆಯಿಂದ ಕೆಲವರಲ್ಲಿ ಪ್ರತಿ ಚಳಿಗಾಲದಲ್ಲೂ ಖಿನ್ನತೆ ಮರಳುತ್ತದೆ ಎಂಬುದನ್ನು 1984ರಲ್ಲಿ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಅವರ ಸಂಗಡಿಗರು ವಿವರಿಸಿದ್ದರು. ಬೆಳಿಗ್ಗೆ ಅರ್ಧ ಗಂಟೆ 10,000 ಲಕ್ಸ್ (ಬೆಳಕಿನ ಅಳತೆ) ಪ್ರಖರತೆಯ ದೀಪದ ಮುಂದೆ ಕೂರುವ ಚಿಕಿತ್ಸೆ ಇದಕ್ಕಿದೆ. ಕಣ್ಣಿನ ಕಾಯಿಲೆ ಇರುವವರು, ಮನೋರೋಗದ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಮಾಡಬೇಕು. ಊರಲ್ಲಿರುವವರಿಗೆ ಧನುರ್ಮಾಸ ಒಳ್ಳೆಯ ಆಸರೆ. ಒಂದು ತಿಂಗಳು ನಸುಕಿನಲ್ಲೇ ಎದ್ದು ದೇವಸ್ಥಾನಕ್ಕೆ ಹೋದರೆ ದಿನಾ ಅದೇ ಹತ್ತು ಮುಖ, ಕೈಗೆ ಬಿಸಿ ಹುಗ್ಗಿ.

ಬೇಸಿಗೆಗೆ ಹೆಚ್ಚು ಹೇಳಬೇಕಿಲ್ಲ. ಮನೆ ತುಂಬಿರುತ್ತದೆ. ಅದು ಖಾಲಿಯಾಗುವ ದಿನಕ್ಕೆ ಮಾತ್ರ ಸಿದ್ಧರಾಗಿ. ಮೊಮ್ಮಕ್ಕಳು ಹೊರಡುವ ದಿನವೇ ನೀವೂ ಅಕ್ಕನ ಮನೆಗೋ ತವರಿಗೋ ಎರಡು ದಿನಕ್ಕೆ ಹೊರಡಿ. ಎಲ್ಲರನ್ನೂ ಕಳಿಸಿ ಖಾಲಿ ಮನೆಯೊಳಗೆ ಕಾಲಿಡುವ ಸಂಕಟ ತಪ್ಪುತ್ತದೆ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೆಟ್ಟಿನ ಖರ್ಚಿಲ್ಲ. ಯಾರ ಹತ್ತಿರವೂ ಹಣ ಕೇಳದೆ ಗೆಳತಿಯನ್ನು ನೋಡಲು ಹೋಗಿಬರಬಹುದು ಎಂಬುದು ಎಷ್ಟು ದೊಡ್ಡ ಬಿಡುಗಡೆ ಎಂದು ಅಮ್ಮನ ವಯಸ್ಸಿನವರನ್ನು ಕೇಳಿದರೆ ಗೊತ್ತಾಗುತ್ತದೆ.

ನಾಲ್ಕನೆಯ ಹೆಜ್ಜೆ: ಕೆಲಸಕ್ಕೆ ಕರೆಯಿರಿ

"ಒಂದು ದಿನ ಮನೆಗೆ ಬನ್ನಿ" ಎಂದರೆ ಯಾರೂ ಬರುವುದಿಲ್ಲ. "ಶನಿವಾರ ಮಧ್ಯಾಹ್ನ ಮೂರಕ್ಕೆ ಹಲಸಿನ ಹಪ್ಪಳ ಒತ್ತುವುದಿದೆ, ಕೈ ಸಾಲದು" ಎಂದರೆ ನಾಲ್ಕು ಜನ ಬರುತ್ತಾರೆ. ಕೈಯಲ್ಲಿ ಕೆಲಸವಿದ್ದಾಗ ಮಾತು ತಾನಾಗಿ ಬರುತ್ತದೆ, ಸುಮ್ಮನಿದ್ದರೂ ಮುಜುಗರವಾಗುವುದಿಲ್ಲ. ದೀಪಾವಳಿಯ ನಂತರ ನಮ್ಮ ಅಂಗಳದಲ್ಲಿ ರಾತ್ರಿ ಅಡಿಕೆ ಸುಲಿಯಲು ಹದಿನೈದಿಪ್ಪತ್ತು ಜನ ಸಾಲಾಗಿ ಕೂರುತ್ತಿದ್ದರು. ಊರಿನ ಸುದ್ದಿ, ದೆವ್ವದ ಕತೆ, ಯಾರದೋ ಮದುವೆಯ ಮಾತುಕತೆ ಎಲ್ಲ ಅಲ್ಲೇ. ಈಗ ಸುಲಿಯುವ ಯಂತ್ರ ಬಂದು ಬೆನ್ನುನೋವು ತಪ್ಪಿಸಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಯಂತ್ರದ ಸದ್ದಿನಲ್ಲಿ ಆ ಮಾತುಕತೆ ಹೋಯಿತು, ಅದರ ಜಾಗಕ್ಕೆ ನಾವು ಏನನ್ನೂ ತರಲಿಲ್ಲ. ಹಾಗಾಗಿ ಹಪ್ಪಳ, ಸಂಡಿಗೆ, ಹೂವಿನ ಮಾಲೆ, ಕೌದಿ ಹೊಲಿಯುವುದು, ಯಾವುದಾದರೂ ಒಂದನ್ನು ಬೇಕೆಂದೇ ಕೂಡು ಕೆಲಸವಾಗಿ ಉಳಿಸಿಕೊಳ್ಳಿ.

ನಗರದಲ್ಲಿ ಇದರ ರೂಪ ಬೇರೆ. ನವೆಂಬರ್ ತಿಂಗಳಿಡೀ ಬಡಾವಣೆಗಳಲ್ಲಿ ರಾಜ್ಯೋತ್ಸವ ನಡೆಯುತ್ತದೆ, ಕುರ್ಚಿ ಹಾಕುವವರು ಸಾಲುವುದಿಲ್ಲ. ಭಾಷಣ ಕೇಳಲು ಹೋಗಬೇಡಿ, ಕುರ್ಚಿ ಹಾಕಲು ಹೋಗಿ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಜನ ಸೇರಿ ಮೌನವಾಗಿ ಪುಸ್ತಕ ಓದುತ್ತಾರೆ. ಮಾತನಾಡಲೇಬೇಕೆಂಬ ಒತ್ತಡವಿಲ್ಲದ ಇಂಥ ಕೂಟ ಸಂಕೋಚದವರಿಗೆ ಹೇಳಿಮಾಡಿಸಿದಂತಿದೆ. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ ಇದ್ದರೆ ದಿನದ ಪತ್ರಿಕೆಯನ್ನು ಮನೆಗೆ ತರಿಸದೆ ಅಲ್ಲೇ ಹೋಗಿ ಓದುವ ಅಭ್ಯಾಸ ಮಾಡಿಕೊಳ್ಳಿ. ದೀಪಾವಳಿಗೆ ಊರಿಗೆ ಹೋಗಲಾಗದೆ ಪಿಜಿಯಲ್ಲೇ ಉಳಿಯುವವರು, ರಜೆ ಸಿಗದ ನರ್ಸುಗಳು, ಕಾವಲು ಕೆಲಸದವರು, ಎರಡು ವಾರ ಮೊದಲೇ ಇನ್ನೂ ಯಾರು ಉಳಿಯುತ್ತಾರೆ ಎಂದು ವಿಚಾರಿಸಿ ಒಂದು ಹೊತ್ತಿನ ಅಡಿಗೆ ಜೊತೆಗೆ ಮಾಡಿ. ಆ ದಿನ ಮೆಸ್ ಮುಚ್ಚಿರುತ್ತದೆ.

ಒಂದು ಲೆಕ್ಕ ನೆನಪಿರಲಿ. ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಚಯ ಸಾಮಾನ್ಯ ಸ್ನೇಹವಾಗಲು ಸುಮಾರು 50 ಗಂಟೆ, ಆಪ್ತ ಸ್ನೇಹವಾಗಲು 200 ಗಂಟೆಗೂ ಹೆಚ್ಚು ಒಡನಾಟ ಬೇಕೆಂದು ಕಂಡುಬಂದಿತ್ತು. ವಾರಕ್ಕೊಂದು ಗಂಟೆಯಾದರೆ ಮೊದಲ ಮೆಟ್ಟಿಲಿಗೇ ಒಂದು ವರ್ಷ! ಎರಡು ಸಲ ಭಜನೆ ಮಂಡಳಿಗೆ ಹೋಗಿ "ಯಾರೂ ಹತ್ತಿರವಾಗಲಿಲ್ಲ" ಎಂದು ಬಿಟ್ಟುಬಿಡುವವರಿಗೆ ನಾನು ಹೇಳುವುದು ಇದನ್ನೇ. ಹತ್ತು ಕಡೆ ಒಂದೊಂದು ಸಲ ಹೋಗುವುದಕ್ಕಿಂತ ಒಂದೇ ಕಡೆ ವಾರಕ್ಕೆ ಮೂರು ಸಲ ಹೋಗಿ.

ಐದನೆಯ ಹೆಜ್ಜೆ: ಮನಸ್ಸು ಹೇಳುವುದನ್ನೆಲ್ಲ ನಂಬಬೇಡಿ

ಬಹುಕಾಲ ಒಂಟಿಯಾಗಿದ್ದ ಮನಸ್ಸು ಎಲ್ಲದರಲ್ಲೂ ತಿರಸ್ಕಾರ ಹುಡುಕುತ್ತದೆ. ಶಿಕಾಗೊ ವಿಶ್ವವಿದ್ಯಾಲಯದ ಜಾನ್ ಕ್ಯಾಸಿಯೊಪೊ ಒಂಟಿತನವನ್ನು ಹಸಿವು, ಬಾಯಾರಿಕೆಗಳಂಥ ಒಂದು ಸೂಚನೆ ಎಂದು ನೋಡಿದರು. ಜನರ ಕಡೆಗೆ ಹೋಗು ಎಂದು ದೇಹ ಕೊಡುವ ಕರೆ ಅದು. ಆದರೆ ಅದೇ ಸ್ಥಿತಿ ಮನುಷ್ಯನನ್ನು ಅತಿ ಎಚ್ಚರದಲ್ಲಿ ಇಡುತ್ತದೆ ಎಂದೂ ಅವರು ಕಂಡುಕೊಂಡರು. ಪಕ್ಕದ ಮನೆಯಾಕೆ ಅವಸರದಲ್ಲಿ ಮುಖ ನೋಡದೆ ಹೋದರೆ "ಬೇಕೆಂದೇ ಮಾತನಾಡಿಸಲಿಲ್ಲ" ಎನಿಸುತ್ತದೆ. ಮೆಸೇಜಿಗೆ ಉತ್ತರ ಬರದಿದ್ದರೆ "ನಾನು ಯಾರಿಗೂ ಬೇಡವಾದೆ". ಬಳಿಕ ನಾವೇ ಮುಖ ತಿರುಗಿಸುತ್ತೇವೆ, ಅವರು ದೂರವಾಗುತ್ತಾರೆ, ಅನಿಸಿದ್ದೇ ನಿಜವಾಗುತ್ತದೆ. ಕೂಟಗಳನ್ನು ಏರ್ಪಡಿಸುವುದಕ್ಕಿಂತ ಈ ಯೋಚನೆಯ ಗಂಟನ್ನು ಬಿಚ್ಚುವ ಚಿಕಿತ್ಸೆಗಳೇ ಹೆಚ್ಚು ಫಲ ಕೊಟ್ಟಿವೆ ಎಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2011ರ ವಿಶ್ಲೇಷಣೆಯೊಂದು ಹೇಳಿತ್ತು.

ಮನೆಯಲ್ಲೇ ಮಾಡಬಹುದಾದದ್ದು ಇಷ್ಟು. ನೋವಾದಾಗ ಅದಕ್ಕೆ ಇನ್ನೆರಡು ಕಾರಣ ಇರಬಹುದೇ ಎಂದು ಬರೆದು ನೋಡಿ: ಗ್ಯಾಸಿನ ಮೇಲೆ ಹಾಲಿಟ್ಟು ಬಂದಿರಬಹುದು, ಮಗುವಿಗೆ ಜ್ವರವಿರಬಹುದು. ಆಮೇಲೆ ಇನ್ನೊಂದು ಸಲ ನೀವೇ ಮಾತನಾಡಿಸಿ. ತೀರ್ಮಾನ ಮಾಡುವುದಾದರೆ ಮೂರನೆಯ ಸಲದ ನಂತರ ಮಾಡಿ.

ಆರನೆಯ ಹೆಜ್ಜೆ: ದೂರ ಇರುವ ಮಕ್ಕಳಿಗೆ

ಫೋನಿಗೆ ಹೊತ್ತು ಗೊತ್ತಿರಲಿ. ಯಾವಾಗಲೋ ಬರುವ ಅರ್ಧ ಗಂಟೆಯ ಫೋನಿಗಿಂತ ದಿನಾ ಸಂಜೆ ಏಳಕ್ಕೆ ಬರುವ ಎಂಟು ನಿಮಿಷದ ಫೋನು ಮೇಲು, ಏಕೆಂದರೆ ಅವರು ಅದಕ್ಕಾಗಿ ದಿನವಿಡೀ ಮಾತು ಕೂಡಿಡುತ್ತಾರೆ. "ಊಟ ಆಯಿತಾ, ಮಾತ್ರೆ ತೆಗೆದುಕೊಂಡೆಯಾ" ಎಂದಷ್ಟೇ ಕೇಳಬೇಡಿ, ಅದು ಹಾಜರಿ ತೆಗೆದಂತೆ. ಅವರಿಗೆ ಗೊತ್ತಿರುವುದನ್ನು ಕೇಳಿ: ಮಾವಿನ ಮಿಡಿಗೆ ಉಪ್ಪು ಎಷ್ಟು ಹಾಕಬೇಕು, ಅಡಿಕೆಯ ಕೊಳೆ ರೋಗಕ್ಕೆ ಈ ಸಲ ಎಷ್ಟು ಸಲ ಮದ್ದು ಹೊಡೆಯಬೇಕಾಯಿತು. ಕೇಳುವವರಿದ್ದರೆ ಹೇಳುವವರ ದನಿಯೇ ಬದಲಾಗುತ್ತದೆ.

ಅಮೆರಿಕದಲ್ಲಿರುವವರಿಗೆ ಒಂದು ವಿಶೇಷ ಸೂಚನೆ. ನವೆಂಬರಿನ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋಗುತ್ತದೆ. ನ್ಯೂಯಾರ್ಕಿನ ಬೆಳಗಿನ ಒಂಬತ್ತಕ್ಕೆ ನೀವು ಮಾಡುವ ಫೋನು ಅಲ್ಲಿಯವರೆಗೆ ಇಲ್ಲಿ ಸಂಜೆ 6.30ಕ್ಕೆ ಬರುತ್ತಿದ್ದದ್ದು ಅಂದಿನಿಂದ 7.30ಕ್ಕೆ ಬರುತ್ತದೆ. ಎಷ್ಟೋ ವರ್ಷ ದೀಪಾವಳಿ ಮುಗಿದು ಮನೆ ಖಾಲಿಯಾಗುವ ದಿನಗಳವು. ಮೊದಲೇ ತಿಳಿಸದಿದ್ದರೆ ಒಂದು ಗಂಟೆ ಫೋನಿನ ಪಕ್ಕ ಕಾಯುತ್ತಾ, ಏನೇನೋ ಕಲ್ಪಿಸಿಕೊಳ್ಳುತ್ತಾ ಕೂರುತ್ತಾರೆ.

ಕಿವಿಯ ಪರೀಕ್ಷೆ ಮಾಡಿಸಿ. ಮದುವೆ ಮನೆಯಲ್ಲಿ ಮೂಲೆ ಹಿಡಿದು ಕೂರುವ ಎಷ್ಟೋ ಹಿರಿಯರಿಗೆ ಜನ ಬೇಡವೆಂದಲ್ಲ, ಮಾತು ಕೇಳಿಸುವುದಿಲ್ಲ. "ಏನಂದಿರಿ" ಎಂದು ಮೂರು ಸಲ ಕೇಳಲು ನಾಚಿಕೆ.

ಏಳನೆಯ ಹೆಜ್ಜೆ: ಇದು ಒಂಟಿತನವಷ್ಟೇ ಅಲ್ಲ ಎನಿಸಿದಾಗ

ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಹಸಿವು ಕೆಟ್ಟಿದ್ದರೆ, ಇಷ್ಟದ ಕೆಲಸದಲ್ಲೂ ರುಚಿ ಹೋಗಿದ್ದರೆ, ಬದುಕುವುದೇ ಬೇಡ ಎಂಬ ಮಾತು ಒಮ್ಮೆಯಾದರೂ ಬಂದಿದ್ದರೆ ಮೇಲಿನ ಯಾವ ಹೆಜ್ಜೆಗೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಈ ವ್ಯವಸ್ಥೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಕ ಸಂಸ್ಥೆ. ಹಿರಿಯ ನಾಗರಿಕರಿಗೆ ಎಲ್ಡರ್‌ಲೈನ್ ಸಹಾಯವಾಣಿ 14567 ಇದೆ. ಎರಡು ಸಂಖ್ಯೆಗಳನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಅದೇ ಕ್ಯಾಲೆಂಡರಿನ ಪಕ್ಕ ಅಂಟಿಸಿ, ಮೊಬೈಲಿನಲ್ಲೂ ಹೆಸರು ಹಾಕಿ ಉಳಿಸಿಕೊಡಿ. ಅಂಥ ಮಾತು ಕೇಳಿದವರು ನೀವಾಗಿದ್ದರೆ ಅವರನ್ನು ಆ ರಾತ್ರಿ ಒಬ್ಬರನ್ನೇ ಬಿಡಬೇಡಿ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಡಿಗೆಮನೆಯ ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ, ನಾವು ಹೊರಡಬೇಕಾದ ದಿನದ ಮರುದಿನದ ಚೌಕದಲ್ಲಿ ಅಮ್ಮನ ಕೈಬರಹವಿತ್ತು: "ಹಾಲು 1 ಲೀಟರ್ ಹೆಚ್ಚು. 4 ಗಂಟೆಗೆ ಹೊಳೆಯಾಚೆಯವರು ಕೌದಿ ಹೊಲಿಯಲು."